ಗೊಂಬೆಯೂ ಕೈಯೂ

ಗೊಂಬೆಗಳ ಚಿತ್ರವೆಂದರೆ ಮಕ್ಕಳಿಗೆಂದೇ ನಾನೂ ತಿಳಿದಿದ್ದೆ. ರಜೆಗೆ ಬಂದ ಮಗಳು "ಅಮ್ಮ, ಇದೊಂದು ನೋಡು, ಹದಿನೆಂಟೇ ನಿಮಿಷ" ಎಂದು ತನ್ನ ಲ್ಯಾಪ್‌ಟಾಪನ್ನು ಮುಂದಿಟ್ಟಾಗ ಉತ್ತರ ಪತ್ರಿಕೆಗಳ ಕಟ್ಟು ನನ್ನ ತೊಡೆಯ ಮೇಲೇ ಇತ್ತು. ತಿದ್ದುತ್ತಾ ಅರೆಗಣ್ಣಿನಲ್ಲಿ ನೋಡಿದರಾಯಿತು ಎಂದುಕೊಂಡೆ. ಐದು ನಿಮಿಷ ಕಳೆಯುವಷ್ಟರಲ್ಲಿ ಕೆಂಪು ಪೆನ್ನು ಕೆಳಗಿತ್ತು.

ಚಿತ್ರದ ಹೆಸರು ‘ರೂಕಾ’. ಚೆಕ್ ಭಾಷೆಯಲ್ಲಿ ಹಾಗೆಂದರೆ ಕೈ. 1965ರಲ್ಲಿ ಇದನ್ನು ಮಾಡಿದವರು ಅಂದಿನ ಚೆಕೊಸ್ಲೊವಾಕಿಯಾದ ಯಿರ್ಜಿ ತ್ರಂಕಾ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು 1968ರಲ್ಲಿ ಆಂಡರ್ಸನ್ ಪದಕ ಪಡೆದ ಕಲಾವಿದರು. ಇದು ಅವರ ಕೊನೆಯ ಚಿತ್ರ.

ಕಥೆ ಸಣ್ಣದು. ಒಂದು ಕೋಣೆ. ಅದರಲ್ಲಿ ಒಬ್ಬ ಪುಟ್ಟ ಕುಂಬಾರ. ಅವನಿಗೊಂದು ಹೂವಿನ ಗಿಡ, ಆ ಗಿಡಕ್ಕೊಂದು ಕುಂಡ ಮಾಡುವುದೇ ಅವನ ಸುಖ. ಒಂದು ದಿನ ಗವಸು ತೊಟ್ಟ ದೊಡ್ಡ ಕೈಯೊಂದು ಒಳನುಗ್ಗುತ್ತದೆ. ಕುಂಡ ಬೇಡ, ನನ್ನ ಪ್ರತಿಮೆ ಮಾಡು ಎನ್ನುತ್ತದೆ. ಬಾಯಿಲ್ಲದ ಕೈ ಎಲ್ಲವನ್ನೂ ಸನ್ನೆಯಲ್ಲೇ ಹೇಳುತ್ತದೆ. ಕುಂಬಾರ ಒಪ್ಪುವುದಿಲ್ಲ. ಹಣ ಬರುತ್ತದೆ, ಆಮಿಷ ಬರುತ್ತದೆ, ಕೊನೆಗೆ ದಾರ ಬರುತ್ತದೆ. ಕೈಕಾಲಿಗೆ ದಾರ ಕಟ್ಟಿಸಿಕೊಂಡು, ಪಂಜರದೊಳಗೆ ಅವನು ಆ ಮಹಾ ಕೈಯನ್ನು ಕೆತ್ತುತ್ತಾನೆ. ಹೇಗೋ ತಪ್ಪಿಸಿಕೊಂಡು ಮನೆಗೆ ಓಡಿಬಂದರೆ, ಮೇಲಿಟ್ಟಿದ್ದ ತನ್ನದೇ ಕುಂಡ ತಲೆಯ ಮೇಲೆ ಬಿದ್ದು ಸಾಯುತ್ತಾನೆ. ಆಗ ಅದೇ ಕೈ ಬಂದು ಸಕಲ ಮರ್ಯಾದೆಯೊಂದಿಗೆ ಅಂತ್ಯಕ್ರಿಯೆಗೆ ಅಣಿಮಾಡುತ್ತದೆ.

ಸರ್ವಾಧಿಕಾರದ ಮೇಲಿನ ಕಥೆ ಇದು ಎಂದು ಯಾರಾದರೂ ಹೇಳಿಯಾರು. ತ್ರಂಕಾ 1969ರಲ್ಲಿ ತೀರಿಕೊಂಡ ಮೇಲೆ ಅಲ್ಲಿನ ಸರ್ಕಾರ ಚಿತ್ರವನ್ನು ನಿಷೇಧಿಸಿತು ಎಂದ ಮೇಲೆ, ಅರ್ಥವಾಗಬೇಕಾದವರಿಗೆ ಅರ್ಥವಾಗಿತ್ತು ಎಂದಾಯಿತು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಅರ್ಥವಲ್ಲ, ಮಾಡಿದ ರೀತಿ.

ಸ್ಟಾಪ್ ಮೋಷನ್ ಎಂಬ ಈ ಕಲೆಯ ಲೆಕ್ಕ ಕೇಳಿ. ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಸರಿಯುತ್ತವೆ. ಹದಿನೆಂಟು ನಿಮಿಷಕ್ಕೆ ಹತ್ತಿರ ಹತ್ತಿರ 26 ಸಾವಿರ. ಒಂದು ಭಂಗಿಯನ್ನು ಎರಡೆರಡು ಚಿತ್ರಕ್ಕೆ ಹಿಡಿದರೂ 13 ಸಾವಿರ ಸಲ ಯಾರೋ ಗೊಂಬೆಯನ್ನು ಮುಟ್ಟಿ, ಕೂದಲೆಳೆಯಷ್ಟು ಸರಿಸಿ, ಪಕ್ಕಕ್ಕೆ ಸರಿದು ನಿಲ್ಲಬೇಕು. ಆಮೇಲೆ ಕ್ಯಾಮೆರಾ ಕಣ್ಣು ಮಿಟುಕಿಸುತ್ತದೆ. ಸೂತ್ರದ ಗೊಂಬೆಯಾಟದಲ್ಲಿ ಆಡಿಸುವವನು ಮೇಲೆ ಮರೆಯಲ್ಲಿರುತ್ತಾನೆ, ದಾರವಾದರೂ ಕಾಣುತ್ತದೆ. ಇಲ್ಲಿ ದಾರವೂ ಇಲ್ಲ. ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ ಕೈ ಬಂದು ಹೋಗಿರುತ್ತದೆ. ಗೊಂಬೆ ತಾನಾಗಿಯೇ ನಡೆಯಿತೆಂದು ನಾವು ನಂಬುತ್ತೇವೆ.

ತ್ರಂಕಾ ಮಾಡಿದ್ದು ಇಷ್ಟೇ: ಸಂದಿಯಲ್ಲಿ ಅಡಗಿದ್ದ ಆ ಕೈಯನ್ನು ಎಳೆದುತಂದು ಚಿತ್ರದ ನಡುವೆ ನಿಲ್ಲಿಸಿದರು. ಕುಂಬಾರ ಗೊಂಬೆ, ಕೈ ಮಾತ್ರ ನಿಜವಾದ ಮನುಷ್ಯನ ಕೈ. ಹೀಗಾಗಿ ಚಿತ್ರದ ಕತ್ತಲು ಕಥೆಯಿಂದ ಬಂದದ್ದಲ್ಲ, ಕಲೆಯ ಹೊಟ್ಟೆಯೊಳಗಿಂದಲೇ ಬಂದದ್ದು. ಯಾವ ಕೈಗೆ ಅವನು ಬೆನ್ನು ತಿರುಗಿಸುತ್ತಾನೋ, ಆ ತಿರುಗುವಿಕೆಯನ್ನೂ ಒಂದು ಕೈಯೇ ಕೊಟ್ಟಿದೆ! ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಕುಂಬಾರನ ಮುಖವನ್ನೂ ನೋಡಬೇಕು. ಬರೆದ ಮುಖ, ಬದಲಾಗುವುದೇ ಇಲ್ಲ. ತಲೆ ತುಸು ಬಾಗಿದರೆ, ನೆರಳು ಕೆನ್ನೆಗೆ ಸರಿದರೆ, ಅದೇ ಮುಖ ಅಳುತ್ತದೆ. ಅಳು ಗೊಂಬೆಯದಲ್ಲ, ನಮ್ಮದು.

ಅದೇ ನಾಡಿನ ಯಾನ್ ಶ್ವಾಂಕ್‌ಮಾಯರ್ 1988ರಲ್ಲಿ ಮಾಡಿದ ‘ಆಲಿಸ್’ ಚಿತ್ರವನ್ನೂ ಮಗಳು ತೋರಿಸಿದಳು. ಅಲ್ಲಿ ಹೊಟ್ಟು ತುಂಬಿದ ಸತ್ತ ಮೊಲ ತನ್ನ ಎದೆಯೊಳಗಿಂದ ಗಡಿಯಾರ ತೆಗೆಯುತ್ತದೆ, ಹೊಟ್ಟು ಸುರಿಯುತ್ತದೆ. ಹೇಸಿಗೆ, ನಗು, ಭಯ ಒಟ್ಟಿಗೇ ಬಂದವು. ಅದು ವಸ್ತುಗಳಿಗೆ ಜೀವ ಬಂದ ಭಯ. ‘ರೂಕಾ’ದ್ದು ಜೀವವಿದ್ದದ್ದು ವಸ್ತುವಾಗುವ ಭಯ. ನನಗೆ ಎರಡನೆಯದೇ ಹೆಚ್ಚು ತಟ್ಟಿತು.

ಕೊರತೆಯೇ ಇಲ್ಲವೆಂದಲ್ಲ. ಕೈ ಒಂದು ಟೀವಿ ಪೆಟ್ಟಿಗೆ ತಂದು ಚರಿತ್ರೆಯ ಕೈಗಳನ್ನೆಲ್ಲ ತೋರಿಸುವ ಭಾಗ ಪಾಠದಂತಾಯಿತು. ಪಾಠ ಮಾಡುವ ಚಟ ನನಗೆ ಗೊತ್ತು, ಅದಕ್ಕೇ ಹೇಳಿದೆ.

ಆ ಚಟದ ಮಾತು ಬಂದಿತಲ್ಲ, ಇನ್ನೊಂದನ್ನು ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ನನ್ನ ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕೆರೆಯ ಜೇಡಿಯಲ್ಲಿ ಎಮ್ಮೆ ಮಾಡುತ್ತಿದ್ದ. ಬರೀ ಎಮ್ಮೆ: ಮಲಗಿದ್ದು, ಮೆಲುಕು ಹಾಕುವುದು, ಕರುವನ್ನು ನೆಕ್ಕುವುದು. ತಾಲ್ಲೂಕು ಸ್ಪರ್ಧೆ ಬಂತು. "ಎಮ್ಮೆಗೆ ಯಾರೋ ಬಹುಮಾನ ಕೊಡುತ್ತಾರೆ? ಗಾಂಧೀಜಿ ಮಾಡು" ಎಂದೆ. ಅವನು ಸುಮ್ಮನೆ ನಿಂತ. ನಾನೇ ಪಕ್ಕದಲ್ಲಿ ಕೂತು ಮೂಗು ತಿದ್ದಿದೆ, ಕನ್ನಡಕಕ್ಕೆ ತಂತಿ ಬಗ್ಗಿಸಿ ಕೊಟ್ಟೆ. ಎರಡನೇ ಬಹುಮಾನ ಬಂತು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ನಾನು. ಆಮೇಲೆ ಆ ಹುಡುಗ ಜೇಡಿ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಅದೂ ನನ್ನ ಗಮನಕ್ಕೆ ಬಂದದ್ದು ವರ್ಷ ಕಳೆದ ಮೇಲೆ.

ನನ್ನ ಕೈಗೆ ಗವಸಿರಲಿಲ್ಲ, ಮನಸ್ಸಿನಲ್ಲಿ ಕೇಡಿರಲಿಲ್ಲ. ಕುಂಬಾರನಿಗೆ ಪದಕ ತೊಡಿಸುವ ಕೈಗೂ ತಾನು ಕೇಡು ಮಾಡಿದೆನೆಂದು ಅನ್ನಿಸಿರಲಾರದು.

ಚಿತ್ರ ಮುಗಿದ ಮೇಲೆ ಮಗಳು "ಹೇಗಿತ್ತಮ್ಮ?" ಎಂದಳು. "ಚೆನ್ನಾಗಿತ್ತು" ಎಂದೆ. ಬೇರೇನು ಹೇಳಲಿ?

ಈಗ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು ಜೇಡಿ ಹಿಡಿದು ಕೂತಾಗ ಸಾಲುಗಳ ನಡುವೆ ನಡೆಯುತ್ತೇನೆ. ಕಾಲು ಮುರಿದ ನಾಯಿ, ಸೊಟ್ಟ ಬಸ್ಸು, ಏನೆಂದೇ ತಿಳಿಯದ ಮುದ್ದೆ. ತಿದ್ದಬೇಕೆಂದು ಬೆರಳು ತವಕಿಸುತ್ತದೆ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮುಂದಿನ ಸಾಲಿಗೆ ಹೋಗುತ್ತೇನೆ.