ಸಸಿಮಡಿ ಪಂಥದವರೊಡನೆ ಒಂದು ಹಳೆಯ ಜಗಳ

ಈ ವಾರ ಮೊರಾಕೊ ಬಗ್ಗೆ ಬರೆಯುತ್ತೇನೆಂದು ಹೋದ ವಾರವೇ ಹೇಳಿದ್ದೆ. ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪು ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದದ್ದು 2025ರಿಂದ ವರ್ಷವರ್ಷವೂ ಆಗಿದೆ. ತಂಡಗಳು 16 ಇದ್ದದ್ದು 24 ಆಗಿವೆ. 2029ರವರೆಗೆ ಐದು ಸಲವೂ ಆತಿಥ್ಯ ಮೊರಾಕೊದ್ದೇ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಲೆಕ್ಕಾಚಾರ ಅರ್ಧ ಬರೆದೂ ಆಗಿತ್ತು. ಆಮೇಲೆ 2025ರ ಫೈನಲ್ಲನ್ನು ಇನ್ನೊಮ್ಮೆ ಹಾಕಿಕೊಂಡು ಕೂತೆ. ಉತ್ತರ ಕೊರಿಯಾ ನೆದರ್ಲೆಂಡ್ಸನ್ನು 3-0ಯಿಂದ ಸೋಲಿಸಿದ ಪಂದ್ಯ. ಯಾವ ಹುಡುಗಿ ಚೆಂಡು ಮುಟ್ಟಿದರೂ ಕಾಮೆಂಟರಿಯಲ್ಲಿ ಒಂದೇ ಪಲ್ಲವಿ: ಈಕೆ ಮುಂದೆ ಏನಾಗಬಹುದು, ಯಾವ ಕ್ಲಬ್ಬು ಸೇರಬಹುದು, ಹಿರಿಯರ ತಂಡಕ್ಕೆ ಯಾವಾಗ ಬರಬಹುದು. ಕಣ್ಣೆದುರಿಗೆ ಆಟ ನಡೆಯುತ್ತಿದ್ದರೆ ಇವರು ಜಾತಕ ಬರೆಯುತ್ತಿದ್ದರು. ಮೊರಾಕೊ ಅಲ್ಲಿಗೆ ಬಿತ್ತು.

ಈ ಅಂಕಣದ ಹಳಬರಿಗೆ ಸಸಿಮಡಿ ಪಂಥ ಹೊಸದಲ್ಲ. ಕಿರಿಯರ ಟೂರ್ನಿ ಎಂದರೆ ಅಗೆ ಹಾಕುವ ಮಡಿ, ನಾಟಿ ಮಾಡಿದ ಮೇಲಷ್ಟೇ ಬೆಳೆ ಎಂದು ನಂಬಿದವರು ಇವರು. ಹದಿನಾರರ ಹುಡುಗಿ ಗೋಲು ಹೊಡೆದರೆ ಆ ಗೋಲಿಗೆ ಬೆಲೆ ಕಟ್ಟುವುದು ಆಕೆಗೆ ಇಪ್ಪತ್ತಾರಾದಾಗ. ಇವರ ಬತ್ತಳಿಕೆಯಲ್ಲಿರುವ ದೊಡ್ಡ ಬಾಣ ಸ್ಪೇನ್. ನಿಜ, ಆ ಬಾಣ ಮೊಂಡಲ್ಲ. ಅಲೆಕ್ಸಿಯಾ ಪುಟೆಯಸ್ 2010ರಲ್ಲಿ ಈ ಟೂರ್ನಿ ಆಡಿದರು, ಆಮೇಲೆ ಎರಡು ಬ್ಯಾಲನ್ ಡಿ'ಓರ್ ಗೆದ್ದರು. ಐತಾನಾ ಬೊನ್ಮಾತಿ 2014ರ ಫೈನಲ್ಲಿನಲ್ಲಿ ಜಪಾನಿಗೆ ಸೋತ ತಂಡದಲ್ಲಿದ್ದರು. ಅವರ ಬ್ಯಾಲನ್ ಡಿ'ಓರ್ ಮೂರು. ಸಲ್ಮಾ ಪರಾಲುಯೆಲೊ 2018ರಲ್ಲಿ ಹದಿನೇಳರ ಕಪ್ಪು, 2022ರಲ್ಲಿ ಇಪ್ಪತ್ತರ ಕಪ್ಪು, 2023ರಲ್ಲಿ ಹಿರಿಯರ ಕಪ್ಪು, ಮೂರನ್ನೂ ಎತ್ತಿದವರು. ಒಪ್ಪಿದೆ. ಆದರೆ ಸ್ಪೇನ್ ಬಿಟ್ಟು ಆಚೆ ಒಂದು ಹೆಜ್ಜೆ ಇಡಿ ನೋಡೋಣ.

ಉತ್ತರ ಕೊರಿಯಾದ ಹುಡುಗಿಯರು ಈ ಕಪ್ಪನ್ನು ನಾಲ್ಕು ಸಲ ಗೆದ್ದಿದ್ದಾರೆ: 2008, 2016, 2024, 2025. ಅವರ ಹಿರಿಯರು ಕೊನೆಯ ಸಲ ವಿಶ್ವಕಪ್ ಆಡಿದ್ದು 2011ರಲ್ಲಿ. ಆಗ ಐವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಸಿಡಿಲು ಹೊಡೆದ ಆಟಗಾರ್ತಿಯರಿಗೆ ಕಸ್ತೂರಿ ಮೃಗದ ಔಷಧಿ ಕೊಟ್ಟಿದ್ದೆವು ಎಂದು ತಂಡದವರು ಸಮಜಾಯಿಷಿ ಕೊಟ್ಟರು. ಆದರೂ ಫಿಫಾ ಅವರನ್ನು 2015ರ ವಿಶ್ವಕಪ್ಪಿನಿಂದ ಆಚೆ ಹಾಕಿತು. ಮುಂದಿನೆರಡು ವಿಶ್ವಕಪ್‌ಗಳಲ್ಲೂ ಅವರಿಲ್ಲ. ಹಾಗಾದರೆ 2016ರಲ್ಲಿ ಜೋರ್ಡಾನಿನಲ್ಲಿ ಜಪಾನನ್ನು ಪೆನಾಲ್ಟಿಯಲ್ಲಿ ಮಣಿಸಿದ ಆ ಹುಡುಗಿಯರ ಆಟ ಆಟವೇ ಅಲ್ಲವೇ? ಮಡಿಯಿಂದ ಗದ್ದೆಗೆ ಹೋಗದ ಪೈರೆಂದು ಅದನ್ನು ಲೆಕ್ಕದಿಂದ ತೆಗೆಯಬೇಕೇ?

ನನಗೆ ಇನ್ನೂ ಹತ್ತಿರದ ಸಾಕ್ಷಿ ದಕ್ಷಿಣ ಕೊರಿಯಾದ ಯೊ ಮಿನ್-ಜಿ. ಹುಡುಗಿಯರ ಫುಟ್‌ಬಾಲಿನಲ್ಲಿ ನನ್ನ ಪಾಲಿಗೆ ಅಭಿಜಾತ ಕೃತಿ ಅಂತ ಒಂದಿದ್ದರೆ ಅದು 2010ರ ಸೆಪ್ಟೆಂಬರ್, ಟ್ರಿನಿಡಾಡ್ ಮತ್ತು ಟೊಬೆಗೊ. ಅದನ್ನು ಈ ಅಂಕಣದಲ್ಲಿ ಆಗಾಗ ಪಾರಾಯಣ ಮಾಡುತ್ತೇನೆಂದು ಕೆಲವರು ಗೊಣಗುತ್ತಾರೆ. ಗೊಣಗಲಿ. ಕ್ವಾರ್ಟರ್ ಫೈನಲ್ಲಿನಲ್ಲಿ ಕೊರಿಯಾ ನೈಜೀರಿಯಾವನ್ನು ಹೆಚ್ಚುವರಿ ಸಮಯದಲ್ಲಿ 6-5ರಿಂದ ಗೆದ್ದಿತು. ಹನ್ನೊಂದು ಗೋಲು! ಅದರಲ್ಲಿ ನಾಲ್ಕು ಯೊ ಮಿನ್-ಜಿಯವು. ಡಿಫೆನ್ಸ್ ಅಂದರೇನೆಂದು ಎರಡೂ ಕಡೆಯವರು ಮರೆತಿದ್ದರು ಎಂದು ಅಂದು ಮೂಗು ಮುರಿದವರುಂಟು. ಹಿಂದೆ ಬಿದ್ದಾಗಲೆಲ್ಲ ಮೇಲೆ ನುಗ್ಗುವುದೇ ಸರಿ ಎಂದು ಎರಡೂ ತಂಡ ತೀರ್ಮಾನಿಸಿದ ಪಂದ್ಯ ಅದು ಎನ್ನುತ್ತೇನೆ ನಾನು. ಹಿರಿಯರಾದರೆ 3-2 ಆದ ಕೂಡಲೇ ಚೆಂಡನ್ನು ಮೂಲೆಗೆ ಒಯ್ದು ಹೊತ್ತು ಕಳೆಯುತ್ತಾರೆ.

ಸೆಮಿಫೈನಲ್ಲಿನಲ್ಲಿ ಸ್ಪೇನ್ ಸೋತಿತು, 2-1. ಪುಟೆಯಸ್ ಇದ್ದ ಸ್ಪೇನ್. ಇನ್ನೊಂದು ಸೆಮಿಫೈನಲ್ಲಿನಲ್ಲಿ ಜಪಾನಿನ ಯೊಕೊಯಾಮಾ ಕುಮಿ ಉತ್ತರ ಕೊರಿಯಾದ ರಕ್ಷಣೆಯನ್ನು ಒಬ್ಬೊಬ್ಬರಾಗಿ ಬಿಡಿಸಿಕೊಳ್ಳುತ್ತ ನುಗ್ಗಿ ಹೊಡೆದ ಗೋಲಿದೆಯಲ್ಲ, ಅದು ಆ ವರ್ಷದ ಪುಷ್ಕಾಸ್ ಪ್ರಶಸ್ತಿಯ ಪಟ್ಟಿಗೆ ಹಿರಿಯ ಗಂಡಸರ ಗೋಲುಗಳ ಸಾಲಿನಲ್ಲೇ ನಿಂತಿತು. ಪಾಸು ಕೊಡಬಹುದಾಗಿದ್ದ ಜಾಗದಲ್ಲೆಲ್ಲ ಕೊಡದೆ ಹೋದ ಗೋಲದು. ಕೋಚಿಂಗ್ ಪುಸ್ತಕದ ಪ್ರಕಾರ ತಪ್ಪು. ನೋಡಿ, ಅದೇ ನನಗೆ ಇಷ್ಟ.

ಫೈನಲ್, ಪೋರ್ಟ್ ಆಫ್ ಸ್ಪೇನ್. ಆರನೇ ನಿಮಿಷಕ್ಕೆ ದಕ್ಷಿಣ ಕೊರಿಯಾ ಮುಂದೆ. ಹದಿನೇಳನೇ ನಿಮಿಷದೊಳಗೆ ಜಪಾನಿನದ್ದು ಎರಡು. ಅರ್ಧ ವಿರಾಮದ ಅಂಚಿನಲ್ಲಿ ಸಮ. ಎರಡನೇ ಅರ್ಧದಲ್ಲಿ ಮತ್ತೆ ಜಪಾನ್ ಮುಂದೆ. 79ನೇ ನಿಮಿಷಕ್ಕೆ ಮತ್ತೆ ಸಮ, 3-3. ಚೆಂಡು ಹೆಚ್ಚು ಹೊತ್ತು ಜಪಾನಿನವರ ಕಾಲಲ್ಲೇ; ಚೊಕ್ಕ ತ್ರಿಕೋನಗಳು, ಒಂದೇ ಮುಟ್ಟಿನ ಪಾಸುಗಳು. ಕೊರಿಯಾ ಸಿಕ್ಕಷ್ಟನ್ನು ದೂರದಿಂದಲೇ ಬಾರಿಸುತ್ತ ಉಳಿಯಿತು. ಪೆನಾಲ್ಟಿ 5-4, ಕೊನೆಯ ಒದೆತ ಜಾಂಗ್ ಸೆಲ್-ಗಿಯದು. ಕೊರಿಯಾದ ಗಂಡಸರಾಗಲಿ ಹೆಂಗಸರಾಗಲಿ ಅಲ್ಲಿಯವರೆಗೆ ಫಿಫಾದ ಯಾವ ಕಪ್ಪನ್ನೂ ಗೆದ್ದಿರಲಿಲ್ಲ. ಯೊ ಮಿನ್-ಜಿಗೆ ಎಂಟು ಗೋಲು, ಚಿನ್ನದ ಬೂಟು, ಚಿನ್ನದ ಚೆಂಡು, ಕಪ್ಪು.

ಆಮೇಲೆ? 2015ರ ವಿಶ್ವಕಪ್ ತಂಡಕ್ಕೆ ಆಯ್ಕೆಯಾಗಿಯೂ ಮಂಡಿಯ ಗಾಯದಿಂದ ಹಿಂದೆ ಸರಿಯಬೇಕಾಯಿತು. 2019ರಲ್ಲಿ ನಾರ್ವೆ ವಿರುದ್ಧ ಒಂದು ಗೋಲು ಹೊಡೆದರು. ಆ ವಿಶ್ವಕಪ್ಪಿನಲ್ಲಿ ಕೊರಿಯಾದ ಒಂದೇ ಗೋಲು ಅದು. ಸಸಿಮಡಿಯವರ ಖಾತೆಯಲ್ಲಿ ಇದು 'ನಿರೀಕ್ಷೆ ಹುಸಿಯಾಯಿತು' ಎಂಬ ಕಲಮಿನಡಿ ಬರುತ್ತದೆ. ಪುಟೆಯಸ್ ಆ ಸೆಪ್ಟೆಂಬರಿನಲ್ಲಿ ಸೆಮಿಫೈನಲ್ ಸೋತದ್ದು 'ಪಾಠ', ಯೊ ಮಿನ್-ಜಿ ಗೆದ್ದದ್ದು 'ಹುಸಿ'. ಇಂಥ ಜಮಾಖರ್ಚು ಬರೆಯುವವರಿಗೆ ಆಟ ನೋಡುವ ಅಭ್ಯಾಸವೇ ತಪ್ಪಿಹೋಗಿದೆ.

ಇವರ ದಾಯಾದಿಗಳು ಇನ್ನೊಂದು ಗುಂಪು, ಗೋಲುಕಂಬ ಕುಗ್ಗಿಸಿ ಎನ್ನುವವರು. ಚೆಲ್ಸಿ ಹೆಂಗಸರ ತಂಡದ ಕೋಚ್ ಆಗಿದ್ದಾಗ ಎಮ್ಮಾ ಹೇಯ್ಸ್ ಕೂಡ ಈ ಮಾತೆತ್ತಿದ್ದರು. ವಾದ ಪೊಳ್ಳಲ್ಲ: ವಾಲಿಬಾಲ್ ನೆಟ್ಟು ಹೆಂಗಸರಿಗೆ ತಗ್ಗು, ಶಾಟ್‌ಪುಟ್ ಗುಂಡು ಹಗುರ, ಹರ್ಡಲ್ಸ್ ಗಿಡ್ಡ. ಗೋಲುಕಂಬ ಮಾತ್ರ 19ನೇ ಶತಮಾನದ ಇಂಗ್ಲಿಷ್ ಗಂಡಸರು ಅಳೆದಿಟ್ಟ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಹದಿನಾರರ ಕೀಪರ್ ಎಗರಿದರೂ ಅಡ್ಡಪಟ್ಟಿಯ ಕೆಳಗೆ ಒಂದಿಷ್ಟು ಬಯಲು ಉಳಿಯುತ್ತದೆ. ಆದರೆ ಆ ಬಯಲೇ ಈ ಆಟದ ವ್ಯಾಕರಣ ಎಂಬುದು ನನ್ನ ಹಠ. ಇಪ್ಪತ್ತೈದು ಮೀಟರ್ ದೂರದಿಂದ ಎತ್ತಿ ಬಾರಿಸುವುದು ಹಿರಿಯ ಗಂಡಸರಲ್ಲಿ ಜೂಜು, ಇಲ್ಲಿ ಜಾಣತನ. ಹಾಗಾಗಿ ಡಿಫೆಂಡರುಗಳು ಬೇಗ ಮುಂದೆ ಬರಬೇಕು. ಬಂದರೆ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಆ ಜಾಗಕ್ಕೆ ಓಡುವವರು ಹುಟ್ಟುತ್ತಾರೆ. ಕಂಬ ಕುಗ್ಗಿಸಿದರೆ ಈ ಸರಪಳಿಯೇ ಕಳಚುತ್ತದೆ. ಮೇಲಾಗಿ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಗಂಡಸರ ಲೀಗೂ ಹೆಂಗಸರ ಲೀಗೂ ನಡೆಯುವುದು ಅದೇ ಕಂಬಗಳ ನಡುವೆ. ಎರಡನೇ ಜೊತೆ ಕಂಬ ಯಾರು ತರುತ್ತಾರೆ, ಎಲ್ಲಿಡುತ್ತಾರೆ?

ನಮ್ಮ ಸರದಿಗೆ ಬರೋಣ. ಕೋವಿಡ್ ನುಂಗಿದ 2020ರ ಟೂರ್ನಿ ಭಾರತಕ್ಕೆ 2022ರ ಅಕ್ಟೋಬರಿನಲ್ಲಿ ಬಂತು. ಭುವನೇಶ್ವರ, ಮಡಗಾಂವ್, ನವಿ ಮುಂಬೈ. ಆತಿಥೇಯರ ಕೋಟಾದಲ್ಲಿ ಆಡಿದೆವು. ಅಮೆರಿಕ 8-0, ಮೊರಾಕೊ 3-0, ಬ್ರೆಜಿಲ್ 5-0. ಆ ದಿನಗಳಲ್ಲಿ ಪತ್ರಿಕೆಗಳು ಬಾಯ್ತುಂಬ ಹೇಳಿದ್ದು ನಾಯಕಿ ಅಸ್ತಮ್ ಓರಾಂವ್ ಅವರ ಊರಿನ ಕಥೆ. ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿ. ಮಗಳ ಹೆಸರಿನಲ್ಲಿ ಹಾಕಿಸುತ್ತಿದ್ದ ರಸ್ತೆಗೆ ಅಪ್ಪ ಅಮ್ಮನೇ ಕೂಲಿಯಾಳು. ಕರುಳು ಚುರ್ ಎನ್ನುವ ಸಂಗತಿ, ಬರೆಯಬೇಕಾದದ್ದೇ. ಆದರೆ ಆಕೆ ಡಿಫೆಂಡರ್ ಎಂಬುದು ಎಷ್ಟು ಓದುಗರಿಗೆ ತಿಳಿಯಿತು? ಅಮೆರಿಕದವರು ಅಂಚಿನಿಂದ ಹೇಗೆ ನುಗ್ಗಿದರು, ನಮ್ಮ ಸಾಲು ಎಲ್ಲಿ ಹರಿಯಿತು ಎಂದು ಯಾರು ಬರೆದರು? ಒಂದೋ ಬಡತನ, ಇಲ್ಲವೇ ಭವಿಷ್ಯ. ನಡುವಿನ ತೊಂಬತ್ತು ನಿಮಿಷಕ್ಕೆ ಕಾಲಮ್ಮು ಇಲ್ಲ.

2025ರ ಅಕ್ಟೋಬರಿನಲ್ಲಿ ಬಿಷ್ಕೆಕ್‌ನಲ್ಲಿ ಭಾರತದ ಹದಿನೇಳರ ಹುಡುಗಿಯರು ಮೊದಲು ಕಿರ್ಗಿಸ್ತಾನವನ್ನು, ಆಮೇಲೆ ಉಜ್ಬೇಕಿಸ್ತಾನವನ್ನು, ಎರಡನ್ನೂ 2-1ರಿಂದ ಗೆದ್ದರು. ಅರ್ಹತಾ ಸುತ್ತು ದಾಟಿ ಏಷ್ಯಾ ಕಪ್ಪಿಗೆ ಹೋದದ್ದು ಇದೇ ಮೊದಲು. ಎರಡನೇ ಪಂದ್ಯದಲ್ಲಿ ಮೊದಲರ್ಧಕ್ಕೆ ಒಂದು ಗೋಲು ಹಿಂದಿದ್ದರು; ವಿರಾಮದ ನಂತರ ಹನ್ನೊಂದೇ ನಿಮಿಷದ ಅಂತರದಲ್ಲಿ ಎರಡು ಹೊಡೆದರು. ಆ ಹನ್ನೊಂದು ನಿಮಿಷದಲ್ಲಿ ಮೈದಾನದಲ್ಲಿ ಏನು ಬದಲಾಯಿತೆಂದು ತಿಳಿಯಲು ನಮ್ಮ ಕಡೆಯ ವರದಿಗಳನ್ನೆಲ್ಲ ತಿರುವಿದೆ. ಹೆಚ್ಚಿನವುಗಳ ಮೊದಲ ಪ್ಯಾರಾದಲ್ಲೇ ಇದ್ದದ್ದು, ಇವರು ಮುಂದೆ ವಿಶ್ವಕಪ್ ಆಡಬಲ್ಲರೇ ಎಂಬ ಪ್ರಶ್ನೆ.