ಪಿಕ್ಸೆಲ್ ಎಷ್ಟು, ದೂರ ಎಷ್ಟು?

ಜಪಾನಿನ ಪಯೊನಿಯರ್ ಸಂಸ್ಥೆ 2007ರಲ್ಲಿ ಹೊರತಂದ ‘ಕುರೊ’ ಪ್ಲಾಸ್ಮಾ ಟಿವಿಗಳಲ್ಲಿ 50 ಅಂಗುಲದ ಪರದೆ ಎರಡು ಬಗೆಯದಾಗಿತ್ತು. ಒಂದರಲ್ಲಿ 1365×768 ಪಿಕ್ಸೆಲ್‌ಗಳು. ‘ಫುಲ್ ಎಚ್‌ಡಿ’ ಎನಿಸಿಕೊಂಡ, ಹೆಚ್ಚು ಬೆಲೆಯ ಇನ್ನೊಂದರಲ್ಲಿ 1920×1080, ಅಂದರೆ ಸುಮಾರು ಎರಡರಷ್ಟು.

ಹೆಚ್ಚಿನ ಬೆಲೆಗೆ ತಕ್ಕ ಲಾಭವಿತ್ತೆ? ಲೆಕ್ಕ ಹಾಕಿ ನೋಡೋಣ. ಪರದೆಯ ಅಗಲ ಸುಮಾರು 1.1 ಮೀಟರ್. ಹಾಗಾಗಿ ಮೊದಲನೆಯದರ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.8 ಮಿಲಿಮೀಟರ್. ಆರೋಗ್ಯವಂತ ಕಣ್ಣು ಬೇರ್ಪಡಿಸಿ ಗುರುತಿಸಬಲ್ಲ ಕೋನ ಸಾಮಾನ್ಯವಾಗಿ ಒಂದು ಡಿಗ್ರಿಯ 60ನೇ ಒಂದು ಭಾಗ. ಆದ್ದರಿಂದ 2.8 ಮೀಟರ್‌ಗಿಂತ ದೂರ ಕುಳಿತವರಿಗೆ ಹೆಚ್ಚುವರಿ ಪಿಕ್ಸೆಲ್‌ಗಳು ಕಾಣುವುದೇ ಕಷ್ಟ.

ಜಪಾನಿ ಭಾಷೆಯಲ್ಲಿ ಕುರೊ ಎಂದರೆ ಕಪ್ಪು. ಕತ್ತಲೆಯ ದೃಶ್ಯದಲ್ಲೂ ಬೂದುಬಣ್ಣಕ್ಕೆ ತಿರುಗದ ಗಾಢ ಕಪ್ಪೇ ಇವುಗಳ ನಿಜವಾದ ಹಿರಿಮೆ; ಅದು ಎರಡರಲ್ಲೂ ಇತ್ತು. 2009ರಲ್ಲಿ ಪಯೊನಿಯರ್ ಟಿವಿ ತಯಾರಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಈ ಲೆಕ್ಕ ಮಾತ್ರ ಇಂದಿನ ಟಿವಿಗಳಿಗೂ ಅನ್ವಯಿಸುತ್ತದೆ. ಪಿಕ್ಸೆಲ್ ಎಣಿಸುವ ಮುನ್ನ ಕೋಣೆಯನ್ನು ಅಳೆಯುವುದು ಲೇಸು.