ಚೇಳಿನ ಕುಟುಕು, ಜೇಡರ ಬಲೆ: ಕ್ಷುದ್ರಜಂತುಭೀತಿಯ ಒಂದು ವಿಚಾರ

ನಮ್ಮ ವಾಙ್ಮಯದಲ್ಲಿ ಹಾವಿಗೆ ದೊರೆತಿರುವ ಗೌರವ ಬಹಳ ದೊಡ್ಡದು. ನಾಗರಕಲ್ಲಿನಿಂದ ಹಿಡಿದು ಕುಂಡಲಿನಿಯವರೆಗೆ ಅದರ ಹರಹು ಚಾಚಿದೆ. ಅದನ್ನು ಕುರಿತ ಲೇಖನಗಳಿಗೂ ಬರವಿಲ್ಲ. ಆದರೆ ಗೋಡೆಯ ಸಂದಿನ ಚೇಳು, ಜಂತೆಯ ಜೇಡ, ಮಾಡಿನ ಕಣಜ ಇವುಗಳೊಡನೆ ನಮ್ಮ ಜನ ದಿನವೂ ಬಾಳಿದರು, ದಿನವೂ ಹೆದರಿದರು. ಈ ಹೆದರಿಕೆ ಬರವಣಿಗೆಯಲ್ಲಿ ಎಲ್ಲಿಗೆ ಹೋಯಿತು? ಅದು ಬಹುಮಟ್ಟಿಗೆ ಉಪಮಾನವಾಗಿ ಕರಗಿಹೋಯಿತೆಂದೂ, ಉಪಮಾನವಾಗದೆ ಉಳಿದಷ್ಟನ್ನು ನಮ್ಮ ವಿಮರ್ಶಕರು ಸಾಹಿತ್ಯವೆಂದು ಎಣಿಸಲಿಲ್ಲವೆಂದೂ ನನಗೆ ತೋರುತ್ತದೆ.

ಮೊದಲು ಪದಗಳನ್ನೇ ನೋಡೋಣ. ‘ಜೇಡ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥ: ನೇಯುವವನು ಮತ್ತು ಬಲೆ ಹೆಣೆಯುವ ಹುಳು. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಮೊದಲನೆಯದು. ನಾವು ಈಗಲೂ ‘ಜೇಡರ ಬಲೆ’ ಎಂದೇ ಅನ್ನುತ್ತೇವೆ. ಮನುಷ್ಯರಿಗೆ ಸಲ್ಲುವ ಬಹುವಚನದ ಷಷ್ಠಿ ಹುಳುವಿಗೂ ಸಂದಿದೆ. (1968ರಲ್ಲಿ ತೆರೆಕಂಡ ಪತ್ತೇದಾರಿ ಚಲನಚಿತ್ರವೊಂದು ಇದೇ ಹೆಸರು ಹೊತ್ತಾಗ ಯಾರೂ ಮಗ್ಗದ ಮನೆಯನ್ನು ನೆನೆದಿರಲಾರರು!) ಎಂದರೆ, ಕನ್ನಡಿಗನ ಕಣ್ಣಿಗೆ ಜೇಡ ಮೊದಲು ಕಂಡದ್ದು ಕಸುಬುದಾರನಾಗಿ, ಕಚ್ಚುವ ಜಂತುವಾಗಿ ಅಲ್ಲ. ಚೇಳಿನ ಮಾತು ಬೇರೆ. ಅದಕ್ಕಾಗಿ ‘ಕುಟುಕು’ ಎಂಬ ಕ್ರಿಯಾಪದವನ್ನೇ ಮೀಸಲಿಟ್ಟಂತಿದೆ. ಹಾವು ಕಚ್ಚುತ್ತದೆ, ಮುಳ್ಳು ಚುಚ್ಚುತ್ತದೆ, ಚೇಳು ಕುಟುಕುತ್ತದೆ. ಉತ್ತರದ ಜಿಲ್ಲೆಗಳಲ್ಲಿ ‘ಚೇಳು ಕಡೀತು’ ಎನ್ನುವರಾದರೂ ಗ್ರಂಥಭಾಷೆಯಲ್ಲಿ ಕುಟುಕೇ ನಿಂತಿದೆ. ಚೇಳಿಗೆ ಪಾರುಪತ್ಯ ಕೊಟ್ಟ ಹಾಗೆ ಎಂಬ ಗಾದೆಯಲ್ಲಿ ಈ ಕುಟುಕು ಅಧಿಕಾರಿಯ ಸ್ವಭಾವವಾಯಿತು. ಗಾದೆ ಸೊಗಸಾಗಿದೆ, ನಿಜ. ಆದರೆ ಅದನ್ನಾಡುವಾಗ ಚೇಳು ಯಾರ ಮನಸ್ಸಿನಲ್ಲಿಯೂ ಇರುವುದಿಲ್ಲ.

ಅಧ್ಯಾತ್ಮದಲ್ಲಿಯೂ ಇದೇ ಗತಿ. ಮುಂಡಕೋಪನಿಷತ್ತು ಜಗತ್ತಿನ ಸೃಷ್ಟಿಲಯಗಳಿಗೆ ಊರ್ಣನಾಭಿಯನ್ನು, ಎಂದರೆ ಜೇಡವನ್ನು, ದೃಷ್ಟಾಂತವಾಗಿ ತಂದಿತು. ತನ್ನೊಳಗಿನಿಂದ ನೂಲು ತೆಗೆದು ತನ್ನೊಳಕ್ಕೇ ಸೆಳೆದುಕೊಳ್ಳುವ ಪ್ರಾಣಿಯದು. ಅಕ್ಕಮಹಾದೇವಿಯ ರೇಷ್ಮೆಯ ಹುಳುವಾದರೋ ತನ್ನ ನೂಲಿನಲ್ಲಿ ತಾನೇ ಸುತ್ತಿಕೊಂಡು ಸಾಯುತ್ತದೆ. ಬ್ರಹ್ಮಕ್ಕೆ ಒಪ್ಪಿದ ಉಪಮಾನದ ಪಕ್ಕದಲ್ಲಿ ಜೀವಕ್ಕೆ ಒಪ್ಪುವ ಉಪಮಾನವನ್ನು ಇಟ್ಟಂತಾಗಿದೆ. ಇವೆರಡನ್ನೂ ಒಟ್ಟಿಗೆ ಓದಿದರೆ ಅಕ್ಕನ ನೋಟ ಎಷ್ಟು ನೆಲದ ಮೇಲಿನದೆಂಬುದು ತಿಳಿಯುತ್ತದೆ. ಆದರೂ ಎರಡು ಕಡೆಯೂ ಹುಳು ನಿರಪಾಯ. ಕಚ್ಚುವ ಜೇಡವನ್ನು ಕಾಣಬೇಕಾದರೆ ತಮಿಳುನಾಡಿನ ತಿರುವಾನೈಕ್ಕಾವಿನ ಕಥೆಗೆ ಹೋಗಬೇಕು. ಲಿಂಗದ ಮೇಲೆ ಎಲೆ ಉದುರದಂತೆ ಬಲೆಯ ಚಪ್ಪರ ಹೆಣೆದ ಜೇಡ, ಅದನ್ನು ಮಲಿನವೆಂದು ಕಿತ್ತೆಸೆದ ಆನೆಯ ಸೊಂಡಿಲನ್ನು ಹೊಕ್ಕು ಕಚ್ಚಿತು, ಎರಡೂ ಸತ್ತವು. ಆ ಜೇಡವೇ ಕೋಚ್ಚೆಂಗಟ್ ಚೋಳನಾಗಿ ಹುಟ್ಟಿ, ಆನೆ ಹೊಗಲಾರದಂಥ ಗುಡಿಗಳನ್ನು ಕಟ್ಟಿಸಿದನಂತೆ. ಭಕ್ತಿಯೊಳಗೂ ಹಗೆ ಉಳಿಯಬಲ್ಲುದೆಂದು ಕಥೆಗಾರ ಮರೆಮಾಚದೆ ಹೇಳಿರುವುದು ನನಗೆ ಬಹಳ ಮೆಚ್ಚುಗೆಯಾದ ಅಂಶ.

ಭಯವನ್ನು ಭಯವಾಗಿಯೇ ಎಣಿಸಿ ಬರೆದವರು ವೈದ್ಯರು. ಸುಶ್ರುತಸಂಹಿತೆಯ ಕಲ್ಪಸ್ಥಾನದ ಕೊನೆಯ ಅಧ್ಯಾಯ ಕೀಟಗಳಿಗೇ ಮೀಸಲು. ಚೇಳುಗಳಲ್ಲಿ 30 ಬಗೆ. ಲೂತೆ, ಎಂದರೆ ಜೇಡಗಳಲ್ಲಿ 16 ಬಗೆ. ಅವುಗಳಲ್ಲಿ ಎಂಟು ಕಷ್ಟಸಾಧ್ಯ, ಎಂಟು ಅಸಾಧ್ಯ. ಜೇಡದ ವಿಷ ಹಲ್ಲಿನಲ್ಲಿ ಮಾತ್ರವಲ್ಲದೆ ಜೊಲ್ಲು, ಉಗುರು, ಮೂತ್ರ ಮೊದಲಾದವುಗಳಲ್ಲಿಯೂ ಇದೆಯೆಂದು ಅಲ್ಲಿನ ಮತ. ಉತ್ತರ ಹಿಂದುಸ್ತಾನದಲ್ಲಿ ಇಂದಿಗೂ ಮೈಮೇಲೆ ಉರಿಗುಳ್ಳೆ ಎದ್ದರೆ ಜೇಡ ಹರಿಯಿತು ಎನ್ನುವುದುಂಟು. ಬಹಳ ಸಲ ಆ ಗುಳ್ಳೆಗೆ ಕಾರಣ ಪೆಡೆರಸ್ ಎಂಬ ಸಣ್ಣ ದುಂಬಿ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ; ಚರ್ಮದ ಮೇಲೆ ಅರೆದುಹೋದಾಗ ಅದರ ಒಡಲಿನ ರಸವೇ ಸುಡುತ್ತದೆ. ಬಹುಪಾಲು ಜೇಡಗಳ ಕಡಿತದಿಂದ ಮನುಷ್ಯನಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ. ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಹೇಳುವವರು ಈ ಸ್ಥಳದಲ್ಲಿ ಸ್ವಲ್ಪ ನಿಲ್ಲಬೇಕು. ಸುಶ್ರುತನ ಹೆಚ್ಚಳವಿರುವುದು ಅವನ ತೀರ್ಪಿನಲ್ಲಲ್ಲ, ಹೆಸರಿಟ್ಟು ವಿಂಗಡಿಸುವ ಹಟದಲ್ಲಿ.

ಈ ಹಟ ಕನ್ನಡಕ್ಕೂ ಬಂದಿತು. ಕ್ರಿ.ಶ. 1360ರ ಸುಮಾರಿನ ಜೈನಕವಿ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನು ಮದರಾಸು ವಿಶ್ವವಿದ್ಯಾನಿಲಯ 1942ರಲ್ಲಿ ಪ್ರಕಟಿಸಿತು. ಸ್ಥಾವರ, ಜಂಗಮ ಎರಡೂ ವಿಷಗಳಿಗೆ ಔಷಧವನ್ನೂ ಮಂತ್ರವನ್ನೂ ಪದ್ಯದಲ್ಲಿ ಹೇಳುವ ಕೃತಿಯಿದು. ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಇದರ ಪಾಲು ಸಾಮಾನ್ಯವಾಗಿ ಒಂದು ಪ್ಯಾರಾ. ಶಾಸ್ತ್ರಕೃತಿಯೆಂಬ ಚೀಟಿ ಅಂಟಿಸಿ ಮುಂದೆ ಸಾಗುತ್ತೇವೆ. ಇದು ಅನ್ಯಾಯವೆಂದು ನನ್ನ ಅಭಿಪ್ರಾಯ. ಹದಿನಾಲ್ಕನೆಯ ಶತಮಾನದಲ್ಲಿ ಸಂಸ್ಕೃತವನ್ನರಿಯದ ಹಳ್ಳಿಯ ವೈದ್ಯನಿಗೆ ನಡುರಾತ್ರಿ ಕರೆ ಬಂದಾಗ ನೆನಪಿನಲ್ಲಿ ನಿಲ್ಲಬೇಕಾದುದು ಏನು? ಕಂದಪದ್ಯದ ಪ್ರಾಸ ಇಲ್ಲಿ ಅಲಂಕಾರವಲ್ಲ, ನೆನಪಿನ ಗಂಟು. ಗಂಟು ಸಡಿಲಿದರೆ ಮದ್ದಿನ ಪ್ರಮಾಣ ತಪ್ಪುತ್ತದೆ. ಛಂದಸ್ಸಿಗೆ ಇಷ್ಟು ಹೊಣೆ ಹೊರಿಸಿದ ಕೃತಿಯನ್ನು ಛಂದಸ್ಸಿನ ವಿದ್ಯಾರ್ಥಿಗಳು ಓದದಿರುವುದು ವಿಚಿತ್ರ. ಅದರ ಮದ್ದುಗಳನ್ನು ಇಂದು ಯಾರೂ ಪ್ರಯೋಗಿಸಬಾರದೆಂಬುದು ಬೇರೆ ಮಾತು. ಅದರ ಭಾಷೆಯನ್ನು ಕುರಿತು ನಾನು ಹೇಳುತ್ತಿರುವೆನು.

ಈ ಬೇರೆ ಮಾತನ್ನೂ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಜಾನಪದ ಸಂಗ್ರಹಕಾರರಾದ ಮಿತ್ರರು ಇಲ್ಲಿ ಎಡವುತ್ತಾರೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನೆಂಬ ದೇವತೆಯಿದ್ದಾಳೆ. ಅವಳಿಗೆ ನಡೆದುಕೊಂಡವರನ್ನು ಚೇಳು ಬಾಧಿಸದೆಂದು ನಂಬಿಕೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಜನ ಬೆಟ್ಟ ಹತ್ತಿ, ಕಲ್ಲಡಿಯ ಚೇಳುಗಳನ್ನು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಇವು ಅಧ್ಯಯನಕ್ಕೆ ಅತ್ಯಂತ ಯೋಗ್ಯವಾದ ವಿಷಯಗಳು. ವರ್ಷವಿಡೀ ಹೆದರಿಸಿದುದನ್ನು ಒಂದು ದಿನ ಅಂಗೈಯಲ್ಲಿ ಹಿಡಿಯುವ ಧೈರ್ಯ ಸಣ್ಣದಲ್ಲ. ಆದರೆ ಚೇಳಿನ ಮಂತ್ರಗಳನ್ನು ಅಚ್ಚುಹಾಕಿ, ಅದರಡಿಯಲ್ಲಿ ‘ಇದರಿಂದ ಗುಣವಾದುದನ್ನು ಕಂಡವರಿದ್ದಾರೆ’ ಎಂದು ಸಂಪಾದಕರು ಷರಾ ಬರೆದಾಗ ವಿದ್ವತ್ತು ದಾರಿ ತಪ್ಪುತ್ತದೆ. ಕಂಡವರು ಇರಲೇಬೇಕು. ದೊಡ್ಡ ಕರಿಯ ಚೇಳಿನ ಕುಟುಕು ಸಾಮಾನ್ಯವಾಗಿ ನೋವು ಕೊಟ್ಟು ತಾನಾಗಿ ಇಳಿಯುವಂಥದು. ಮಂತ್ರವಾದಿಯ ಕೀರ್ತಿ ನಿಂತಿರುವುದು ಅದರ ಮೇಲೆ. ಕೊಲ್ಲುವುದು ಗಾತ್ರದಲ್ಲಿ ಅದಕ್ಕಿಂತ ಕಿರಿದಾದ ಕೆಂಪುಚೇಳು, ಅದರಲ್ಲಿಯೂ ಮಕ್ಕಳನ್ನು. ವಾಂತಿ, ಮೈತುಂಬ ಬೆವರು, ತಣ್ಣಗಾಗುವ ಕೈಕಾಲು, ಆಮೇಲೆ ಶ್ವಾಸಕೋಶದಲ್ಲಿ ನೀರು.

ಕೊಂಕಣದ ಮಹಾಡದಲ್ಲಿ ವೈದ್ಯರಾಗಿದ್ದ ಹಿಮ್ಮತರಾವ್ ಬಾವಸ್ಕರ್ ಅವರು ಈ ಲಕ್ಷಣಗಳನ್ನು ರೋಗಿಯ ಮಗ್ಗುಲಲ್ಲಿ ಕುಳಿತು ಬರೆದಿಟ್ಟು, 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರಕ್ತದೊತ್ತಡಕ್ಕೆಂದಿದ್ದ ಪ್ರಾಜೋಸಿನ್ ಗುಳಿಗೆಯನ್ನು ಈ ವಿಷಬಾಧೆಗೆ ಬಳಸಿ, ಸಾವಿನ ಪ್ರಮಾಣವನ್ನು ಬಹುವಾಗಿ ತಗ್ಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಮುಂಬಯಿಯಿಂದ ಮಹಾಡ ದೂರವೇನಲ್ಲ; ಆದರೂ ನಮ್ಮ ಚೇಳಿನ ಜಾನಪದವನ್ನು ಕುರಿತ ಬರಹಗಳಲ್ಲಿ ಈ ಹೆಸರನ್ನು ನಾನು ಕಂಡಿಲ್ಲ. ಮಂತ್ರವನ್ನು ಸಂಗ್ರಹಿಸಿದವರು, ಮಂತ್ರ ಹಾಕಿಸಿಕೊಂಡ ಮಗು ಬೆಳಗಿನವರೆಗೆ ಬದುಕಿತ್ತೇ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕಾಗಿತ್ತು. ಆ ಉತ್ತರವೂ ಜಾನಪದವೇ.

ಹೊಸಗನ್ನಡ ಗದ್ಯದಲ್ಲಿ ಹುಳು ಮತ್ತೆ ಹುಳುವಾದದ್ದು ಪೂರ್ಣಚಂದ್ರ ತೇಜಸ್ವಿಯವರಲ್ಲಿ. 1980ರ ‘ಕರ್ವಾಲೊ’ ಕಾದಂಬರಿ ಮೂಡಿಗೆರೆಯ ಜೇನಿನ ವ್ಯವಹಾರದಿಂದ ಮೊದಲಾಗುತ್ತದೆ. ಅದನ್ನು ಮೆಚ್ಚಿ ಬರೆದವರು ಕೊನೆಯ ಹಾರುವ ಓತಿಯ ಕಡೆಗೇ ಧಾವಿಸಿ, ಅದನ್ನು ಕಾಲದ ಪ್ರತೀಕವೆಂದೋ ಸತ್ಯದ ಪ್ರತೀಕವೆಂದೋ ವ್ಯಾಖ್ಯಾನಿಸಿದ್ದಾರೆ; ಹಳೆಯ ಚಾಳಿ ಬಿಟ್ಟಿಲ್ಲ. ಮಂದಣ್ಣ ಜೇನನ್ನು ಬಲ್ಲ ಬಗೆ, ಕೀಟದ ಮೇಲೆ ವಿಜ್ಞಾನಿಯ ಕಣ್ಣೂ ಹಳ್ಳಿಗನ ಕಣ್ಣೂ ಒಟ್ಟಿಗೆ ಬೀಳುವ ಬಗೆ, ಇವು ನನಗೆ ಓತಿಗಿಂತ ಹೆಚ್ಚಿನವಾಗಿ ತೋರುತ್ತವೆ. ಮಂಗರಾಜನಿಗೆ ಇಂಥ ಓದುಗನೊಬ್ಬ ಸಿಕ್ಕಿದ್ದರೆ ‘ಖಗೇಂದ್ರಮಣಿದರ್ಪಣ’ ಇಷ್ಟು ಕಾಲ ಧೂಳು ಹಿಡಿಯುತ್ತಿರಲಿಲ್ಲ. ಅದರ ಜಂಗಮವಿಷದ ಭಾಗವನ್ನಾದರೂ ಶಬ್ದಕೋಶದೊಡನೆ, ಜಂತುಗಳ ಇಂದಿನ ಹೆಸರುಗಳೊಡನೆ ಬೇರೆಯಾಗಿ ಅಚ್ಚು ಮಾಡುವ ಕೆಲಸವನ್ನು ನಮ್ಮ ಸಂಘಗಳಲ್ಲೊಂದು ಕೈಗೆತ್ತಿಕೊಳ್ಳಬಹುದು. ಕನ್ನಡ ಪಂಡಿತರೊಬ್ಬರೂ ಪ್ರಾಣಿಶಾಸ್ತ್ರಜ್ಞರೊಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಸಾಕು.